ಅನ್ನ ಬಿಟ್ಟವರ ಮಂಡಕ್ಕಿ

“ಅನ್ನ ಬಿಟ್ಟು ಆರು ತಿಂಗಳಾಯಿತು ಸಾರ್. ಶುಗರ್ ಮಾತ್ರ ಇಳಿಯುತ್ತಿಲ್ಲ. ಈ ಮಾತ್ರೆ ನನಗೆ ಹಿಡಿಸುತ್ತಿಲ್ಲ.”

ದಾವಣಗೆರೆಯಲ್ಲಿ ಮಧುಮೇಹಿಗಳನ್ನು ನೋಡುವ ನನಗೆ ಈ ಮಾತು ಕೇಳದೆ ವಾರ ಮುಗಿಯುವುದಿಲ್ಲ. ಈ ಸಲ ಹೇಳಿದವರು ಹತ್ತಿ ಗಿರಣಿಯಲ್ಲಿ ದುಡಿದು ನಿವೃತ್ತರಾದ ಹಿರಿಯರು. ರಕ್ತದ ಸಕ್ಕರೆಯ ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ 9.2. ಗಂಡಸರಿಗೆ 90 ಸೆಂ.ಮೀ. ಒಳಗಿರಬೇಕಾದ ಸೊಂಟ 104. ಮಾತ್ರೆ ಬದಲಿಸಬೇಕಾದವರೂ ಇರುತ್ತಾರೆ, ಇಲ್ಲವೆನ್ನುವುದಿಲ್ಲ. ಆದರೆ ಅದಕ್ಕೂ ಮೊದಲು ನಾನು ಜೊತೆಗೆ ಬಂದವರ ಮುಖ ನೋಡುತ್ತೇನೆ. ಅವರ ಹೆಂಡತಿ ಫ್ಯಾನ್ ನೋಡುತ್ತಿದ್ದರು.

“ಸಂಜೆ ಏನು ತಿನ್ನುತ್ತಾರಮ್ಮ?”

“ಮಂಡಕ್ಕಿ ಸಾರ್. ರಾತ್ರಿ ಊಟದ ಬದಲಿಗೂ ಅದೇ.”

“ಅದು ಊಟವೇ ಸಾರ್? ಬರೀ ಗಾಳಿ!” ಎಂದರು ಯಜಮಾನರು.

ಗಾಳಿಯಲ್ಲ ಸ್ವಾಮಿ, ಅಕ್ಕಿ. ಕಾದ ಮರಳಿನಲ್ಲಿ ಹುರಿದಾಗ ಉಬ್ಬಿದ ಅಕ್ಕಿ. ಮಂಡಕ್ಕಿ ಭಟ್ಟಿಗಳ ಹೊಗೆ ನೋಡುತ್ತಲೇ ಬೆಳೆದ ಊರಿನವರಿಗೆ ಇದನ್ನು ಹೇಳಬೇಕಾಗಿ ಬಂದಿರುವುದೇ ನನ್ನ ಸಂಕಟ. ಮನೆಯಿಂದ ಅಡುಗೆಯ ತಕ್ಕಡಿ ತಂದು ಮೇಜಿನ ಮೇಲೆ ಇಟ್ಟುಕೊಂಡಿದ್ದೇನೆ. ಅವರೆದುರೇ 50 ಗ್ರಾಂ ಮಂಡಕ್ಕಿ ತೂಗಿದೆ. ತಟ್ಟೆ ತುಂಬಿ ಅಂಚಿನಿಂದ ಉದುರಿತು. ಇದರಲ್ಲಿ ಸುಮಾರು 40 ಗ್ರಾಂ ಪಿಷ್ಟವಿದೆ. 50 ಗ್ರಾಂ ಅಕ್ಕಿ ಬೇಯಿಸಿದರೆ ಒಂದು ಬಟ್ಟಲು ಅನ್ನವಾಗುತ್ತದೆ, ಅದರಲ್ಲಿರುವುದೂ ಹೆಚ್ಚುಕಡಿಮೆ ಅಷ್ಟೇ. ಉಬ್ಬಿದ ಕಾಳು ಬೇಗ ಜೀರ್ಣವಾಗುವುದರಿಂದ ಸಕ್ಕರೆಯೂ ಬೇಗ ಏರುತ್ತದೆ. ಹೊಟ್ಟೆ ಮಾತ್ರ ತುಂಬಿದಂತೆ ಅನ್ನಿಸುವುದಿಲ್ಲ, ಹಾಗಾಗಿ ಇನ್ನೊಂದು ತಟ್ಟೆ. ಪಕ್ಕದಲ್ಲಿ ಎರಡು ಮಿರ್ಚಿ. ಅದರ ಎಣ್ಣೆಯ ಲೆಕ್ಕ ಬೇರೆ. ಅವಲಕ್ಕಿ, ಇಡ್ಲಿ, ಬೆಣ್ಣೆದೋಸೆ ಎಲ್ಲವೂ ಇದೇ ಅಕ್ಕಿಯ ಮಕ್ಕಳು. ಅನ್ನ ಎಂಬ ಹೆಸರು ಬಿಟ್ಟರೆ ಅಕ್ಕಿ ಬಿಟ್ಟಂತಾಗುವುದಿಲ್ಲ.

ಭದ್ರಾ ನಾಲೆಯ ನೀರು ಬಂದ ಮೇಲೆ ಜೋಳ, ನವಣೆ ಬೆಳೆಯುತ್ತಿದ್ದ ಎಷ್ಟೋ ಹೊಲಗಳು ಗದ್ದೆಯಾದವು. ಅಜ್ಜಂದಿರಿಗೆ ಹಬ್ಬದ ಊಟವಾಗಿದ್ದ ಅಕ್ಕಿ ನಮಗೆ ಮೂರು ಹೊತ್ತಿನದ್ದಾಯಿತು. ಆದರೆ ಅಜ್ಜಂದಿರ ನಡಿಗೆ ನಮಗೆ ಬರಲಿಲ್ಲ. 2023ರಲ್ಲಿ ಪ್ರಕಟವಾದ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಬೆಂಬಲಿತ ಸಮೀಕ್ಷೆಯ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆ. ಸಂಜೆ ಮಂಡಕ್ಕಿ ಅಂಗಡಿಗಳ ಮುಂದಿನ ಹೊಟ್ಟೆಗಳನ್ನು ನೋಡಿದಾಗ ಆ ಸಂಖ್ಯೆ ನನಗೆ ಅಚ್ಚರಿಯೆನಿಸುವುದಿಲ್ಲ. ಆ ಗುಂಪಿನಲ್ಲಿ ಒಮ್ಮೊಮ್ಮೆ ನಾನೂ ಇರುತ್ತೇನೆ, ಸುಳ್ಳು ಏಕೆ ಹೇಳಲಿ.

ಮಂಡಕ್ಕಿ ಬಿಡಿ ಎಂದು ಈ ಊರಿನಲ್ಲಿ ಹೇಳುವ ಧೈರ್ಯ ನನಗಿಲ್ಲ. ಒಂದು ಹಿಡಿ ಮಂಡಕ್ಕಿಗೆ ಈರುಳ್ಳಿ, ಸೌತೆಕಾಯಿ, ನೆನೆಸಿದ ಕಡಲೆ ಧಾರಾಳವಾಗಿ ಬೆರೆಸಿಕೊಳ್ಳಿ. ಅಷ್ಟು ತಿಂದರೆ ಆ ಹೊತ್ತಿನ ಅನ್ನದಲ್ಲಿ ಅಷ್ಟು ಕಡಿಮೆ ಮಾಡಿ. ಇನ್ಸುಲಿನ್ ತೆಗೆದುಕೊಳ್ಳುವವರು, ಮೂತ್ರಪಿಂಡದ ತೊಂದರೆ ಇರುವವರು ಇದನ್ನು ಓದಿ ಇಂದೇ ಊಟ ಬದಲಿಸಬಾರದು. ನಿಮ್ಮ ವೈದ್ಯರನ್ನು ಕೇಳಿ.

ಮುಂದಿನ ತಿಂಗಳು ಅದೇ ಹಿರಿಯರು ಚೀಲದಿಂದ ಸ್ಟೀಲ್ ಲೋಟ ತೆಗೆದು ತೋರಿಸಿದರು. “ದಿನಕ್ಕೆ ಇದರಲ್ಲಿ ಒಂದೇ ಸಲ ಸಾರ್.”

ಹೆಂಡತಿ ಮತ್ತೆ ಫ್ಯಾನ್ ನೋಡುತ್ತಾ ಹೇಳಿದರು: “ಒಂದೇ ಲೋಟ, ನಿಜ. ಮೇಲೆ ಗೋಪುರ ಕಟ್ಟುತ್ತಾರೆ.”