ಕರೆಂಟ್ ಹೋದಾಗ ಅರ್ಧಕ್ಕೆ ನಿಂತ ಪ್ಯಾಕೇಜು

ಕೊಡಗಿನ ನಾಪೋಕ್ಲು ಕಡೆ ಜುಲೈ ತಿಂಗಳಲ್ಲಿ ಕಂಪ್ಯೂಟರಿಗೆ ಹೊಸ ತಂತ್ರಾಂಶ ಹಾಕಲು ಕೂರುವುದು ಮಳೆಯ ಜೊತೆ ಜೂಜಾಡಿದ ಹಾಗೆ. ಪಕ್ಕದ ತೋಟದ ಮಾವನಿಗೆ ಮಳೆ ಲೆಕ್ಕದ ಹಳೆಯ ಪುಸ್ತಕವನ್ನು ಕಂಪ್ಯೂಟರಿಗೆ ಏರಿಸುವ ಆಸೆ. ಅವರ ಹಳೇ ಯಂತ್ರಕ್ಕೆ ಡೆಬಿಯನ್ ಎಂಬ ಲಿನಕ್ಸ್ ಕಾರ್ಯಾಚರಣೆ ವ್ಯವಸ್ಥೆ ಹಾಕಿ, ಬರಹ-ಲೆಕ್ಕದ ತಂತ್ರಾಂಶವಾದ ಲಿಬ್ರೆಆಫೀಸನ್ನೂ ಕನ್ನಡ ಫಾಂಟುಗಳನ್ನೂ ಇಳಿಸಿ ಕೂರಿಸುತ್ತಿದ್ದೆ. ಎಲ್ಲೋ ಮರ ಬಿತ್ತು, ಕರೆಂಟ್ ಹೋಯಿತು.

"ಎಲ್ಲ ಮೊದಲಿಂದ ಮಾಡ್ಬೇಕೇನೋ?" ಅಂದರು ಮಾವ.

ಬೇಕಿಲ್ಲ. ಡೆಬಿಯನ್ನಿನಲ್ಲಿ ತಂತ್ರಾಂಶ ಬರುವುದು ಪ್ಯಾಕೇಜು ಎಂಬ ಮೂಟೆಯಲ್ಲಿ. ಅದನ್ನು ಬಿಚ್ಚಿ ನೋಡಿದರೆ ಒಳಗೆ ಮುಖ್ಯವಾಗಿ ಎರಡು ಗಂಟು. ಒಂದರಲ್ಲಿ ಸರಕು. ಇನ್ನೊಂದರಲ್ಲಿ ಕಾಫಿ ಮೂಟೆಗೆ ಕಟ್ಟಿದಂಥ ಚೀಟಿ: ಹೆಸರು, ಆವೃತ್ತಿ, ಇದು ಓಡಲು ಇನ್ನೇನೇನು ಬೇಕು. ಕೆಲವು ಪ್ಯಾಕೇಜಿನಲ್ಲಂತೂ ಹೆಚ್ಚುಕಡಿಮೆ ಚೀಟಿಯೇ ಎಲ್ಲ. ಕನ್ನಡ ಫಾಂಟುಗಳ ಪ್ಯಾಕೇಜಿನಲ್ಲಿ ಒಂದು ಅಕ್ಷರದ ಆಕಾರವೂ ಇಲ್ಲ. 'ಲೋಹಿತ್ ತಾ, ಗುಬ್ಬಿ ತಾ' ಎಂದು ಫಾಂಟುಗಳ ಹೆಸರು ಹೇಳುವ ಸಾಮಾನಿನ ಪಟ್ಟಿ ಅಷ್ಟೇ. ಆ ಪಟ್ಟಿಯನ್ನು ಯಾರೋ ಕೂತು ಯೋಚಿಸಿ ಬರೆದಿರುತ್ತಾರೆ. ನನ್ನ ಕಣ್ಣಿಗೆ ದೊಡ್ಡ ಕೆಲಸ ಅದೇ.

ಇಯಾನ್ ಮರ್ಡಾಕ್ 1993ರಲ್ಲಿ ಡೆಬಿಯನ್ ಶುರುಮಾಡಿದರು. ಪ್ಯಾಕೇಜು ಬಿಚ್ಚಿ ಕೂರಿಸುವ ಡಿಪಿಕೆಜಿ ಮರುವರ್ಷವೇ ಬಂತು. ಆದರೆ ಅದು 'ಇಂಥದ್ದು ಇಲ್ಲ' ಎಂದು ಹೇಳಿ ಸುಮ್ಮನಾಗುತ್ತಿತ್ತು, ಹುಡುಕಿ ತರುವ ಪಾಡು ನಮ್ಮದು. ಪಟ್ಟಿ ಓದಿ, ಬೇಕಾದ್ದನ್ನೆಲ್ಲ ತಾನೇ ತಂದು ಡಿಪಿಕೆಜಿಯ ಕೈಗೆ ಕೊಡುವ ಆಪ್ಟ್, ಡೆಬಿಯನ್ನಿನ 1999ರ ಆವೃತ್ತಿಯಲ್ಲಿ ಜನರಿಗೆ ಸಿಕ್ಕಿತು. ಇಳಿಸುವಾಗ ನೆಟ್ ಸತ್ತರೆ, ಬಂದಷ್ಟನ್ನು ಎತ್ತಿಟ್ಟು ಅಲ್ಲಿಂದಲೇ ಮುಂದುವರಿಸುತ್ತದೆ. ನಮ್ಮೂರಿಗೆ ಹೇಳಿ ಮಾಡಿಸಿದ ಗುಣ!

ಕೂರಿಸುವುದರಲ್ಲಿ ಎರಡು ಹಂತ. ಮೊದಲು ಕಡತಗಳನ್ನು ಅವುಗಳ ಜಾಗದಲ್ಲಿ ಇಡುವುದು, ಆಮೇಲೆ ಸಜ್ಜುಮಾಡುವುದು. ಯಾವ ಪ್ಯಾಕೇಜು ಯಾವ ಹಂತದಲ್ಲಿದೆ ಎಂಬುದನ್ನು ಡಿಪಿಕೆಜಿ ಡಿಸ್ಕಿನಲ್ಲೇ ಬರೆದಿಡುತ್ತಾ ಹೋಗುತ್ತದೆ. ಯಾರು ಬೇಕಾದರೂ ಓದಬಹುದಾದ ಸಾದಾ ಕಡತ ಅದು. ಹಾಗಾಗಿ ಯಂತ್ರ ದಿಢೀರನೆ ಆರಿದರೂ, ಕೆಲಸ ಎಲ್ಲಿಗೆ ನಿಂತಿತ್ತೆಂಬುದು ಸಾಮಾನ್ಯವಾಗಿ ಉಳಿದಿರುತ್ತದೆ.

ಬೇಕಾದ್ದರಲ್ಲಿ ಬಹುಪಾಲನ್ನು ತನ್ನೊಳಗೇ ತುಂಬಿಕೊಂಡು ಬರುವ ಬೇರೆ ಬಗೆಯ ಪ್ಯಾಕೇಜುಗಳಾದ ಸ್ನ್ಯಾಪ್, ಫ್ಲ್ಯಾಟ್‌ಪ್ಯಾಕ್‌ಗಳೂ ಈಗ ಇವೆ. ಅನುಕೂಲವೇ ಸರಿ, ಆದರೆ ಇಳಿಸಬೇಕಾದ ಹೊರೆ ಜಾಸ್ತಿ. ಮಳೆಗಾಲದಲ್ಲಿ ನಾನಂತೂ ಆ ತಂಟೆಗೆ ಹೋಗಲಿಲ್ಲ.

ಸಂಜೆ ಆರಕ್ಕೆ ಕರೆಂಟ್ ಬಂತು. 'ಅರ್ಧಕ್ಕೆ ನಿಂತದ್ದನ್ನು ಮುಗಿಸು' ಎನ್ನುವ ಒಂದೆರಡು ಸಾಲಿನ ಆಜ್ಞೆ ಕೊಟ್ಟೆ. ಹೆಸರುಗಳು ಒಂದೊಂದಾಗಿ ಪರದೆಯ ಮೇಲೆ ಸರಿದು ಮುಗಿದವು. ಮಾವ ಕನ್ನಡಕ ಏರಿಸಿಕೊಂಡು ಮೊದಲ ಸಾಲು ಹೊಡೆದರು: ಇವತ್ತಿನ ಮಳೆ, 4 ಇಂಚು 20 ಸೆಂಟು.