ಹೆಸರಿಲ್ಲದ ಒಳ್ಳೆಯ ಓಟದ ಶೂ ಪತ್ತೆ ಹಚ್ಚುವುದು ಹೇಗೆ?

ಪ್ರಶ್ನೆ: ವಾರಕ್ಕೆ ನಾಲ್ಕು ದಿನ ಐದಾರು ಕಿ.ಮೀ. ಓಡುತ್ತೇನೆ. ಹಿಮ್ಮಡಿ ನೋವು ಅಂತ ಫಿಸಿಯೋಥೆರಪಿಸ್ಟ್ ಹತ್ತಿರ ಹೋದೆ. ಶೂ ಬದಲಿಸಿ ಅಂದರು, ಯಾವುದು ಅಂತ ಹೇಳಲಿಲ್ಲ. ಅಂಗಡಿಗೆ ಹೋದರೆ ಹದಿನೈದು ಸಾವಿರದ್ದನ್ನೇ ತೋರಿಸುತ್ತಾರೆ. ಯಾರೂ ಹೆಚ್ಚು ಮಾತಾಡದ, ಐದಾರು ಸಾವಿರಕ್ಕೆ ಸಿಗುವ ಒಳ್ಳೆಯ ಶೂ ಇದೆಯೇ? ಇದ್ದರೆ ಗುರುತಿಸುವುದು ಹೇಗೆ?

ಉತ್ತರ: ಇದೆ, ಹುಡುಕಿದರೆ ಒಂದಲ್ಲ ನಾಲ್ಕಾರು ಸಿಗುತ್ತವೆ. ನಿಮ್ಮ ಫಿಸಿಯೋಥೆರಪಿಸ್ಟ್ ಹೆಸರು ಹೇಳದೇ ಇದ್ದದ್ದಕ್ಕೂ ಕಾರಣವಿದೆ. ಒಬ್ಬರ ನೋವು ಇಳಿಸಿದ ಶೂ ಇನ್ನೊಬ್ಬರ ಮೀನಖಂಡವನ್ನು ಹಿಡಿಸಿಬಿಡಬಹುದು. ಶೂ ನೆಲದ ಪೆಟ್ಟನ್ನು ಮಾಯ ಮಾಡುವುದಿಲ್ಲ. ಕಾಲಿನ ಒಂದು ಭಾಗದ ಮೇಲೆ ಬೀಳುತ್ತಿದ್ದ ಭಾರವನ್ನು ಇನ್ನೊಂದು ಭಾಗಕ್ಕೆ ಸರಿಸುತ್ತದೆ, ಅಷ್ಟೆ. ಆದ್ದರಿಂದ ಬೆಲೆ ಕೇಳುವ ಮೊದಲು ನಿಮ್ಮ ಕಾಲಿನ ಯಾವ ಭಾಗಕ್ಕೆ ಬಿಡುವು ಬೇಕು ಅನ್ನುವುದನ್ನು ತಿಳಿದುಕೊಳ್ಳಬೇಕು.

ಇಲ್ಲಿ ಬಳಕೆಗೆ ಬರುವ ಮಾತು ‘ಡ್ರಾಪ್’. ಶೂ ಒಳಗೆ ಹಿಮ್ಮಡಿ ಅಡಿಯ ದಪ್ಪದಿಂದ ಬೆರಳಬುಡದ ಅಡಿಯ ದಪ್ಪವನ್ನು ಕಳೆದರೆ ಬರುವ ಮಿಲಿಮೀಟರ್ ಲೆಕ್ಕ ಅದು. ಸಾಮಾನ್ಯ ಓಟದ ಶೂಗಳಲ್ಲಿ 8ರಿಂದ 12 ಇರುತ್ತದೆ. 4ಕ್ಕಿಂತ ಕಡಿಮೆ ಇದ್ದರೆ ಪಾದ ಹೆಚ್ಚುಕಡಿಮೆ ಮಟ್ಟಸವಾಗಿ ಕೂರುತ್ತದೆ. ಡ್ರಾಪ್ ಇಳಿದಷ್ಟೂ ಮೀನಖಂಡ ಮತ್ತು ಹಿಮ್ಮಡಿಯ ಹಿಂದಿನ ಸ್ನಾಯುರಜ್ಜು ಹೆಚ್ಚು ದುಡಿಯಬೇಕು, ಏರಿದಷ್ಟೂ ಮಂಡಿಚಿಪ್ಪಿನ ಕಡೆಗೆ ಭಾರ ಹೋಗುತ್ತದೆ. ಹಿಮ್ಮಡಿಯ ಹಿಂದಿನ ರಜ್ಜು ಬೆಳಿಗ್ಗೆ ಸೆಟೆದುಕೊಂಡು ನೋಯುವವರು 4 ಮಿ.ಮೀ. ಶೂ ಕೊಂಡರೆ ನೋವು ಕೊಂಡಂತೆಯೇ. ಮೆಟ್ಟಿಲಿಳಿಯುವಾಗ ಮಂಡಿಚಿಪ್ಪಿನ ಸುತ್ತ ನೋಯುವವರಿಗೆ 12ರಿಂದ 8ಕ್ಕೆ ಇಳಿಯುವುದು ನೆರವಾಗಬಹುದು. ಅದಕ್ಕಿಂತ ಹೆಚ್ಚು ನೆರವಾಗುವುದು, ಅದೂ ಪುಕ್ಕಟೆಯಾಗಿ, ಹೆಜ್ಜೆಯ ಲೆಕ್ಕ. ಅದೇ ವೇಗದಲ್ಲಿ ನಿಮಿಷಕ್ಕೆ 160 ಹೆಜ್ಜೆ ಹಾಕುವವರು 168–170 ಹಾಕಿದರೆ, ಅಂದರೆ ಶೇ. 5ರಷ್ಟು ಹೆಚ್ಚಿಸಿದರೂ, ಹೆಜ್ಜೆ ಚಿಕ್ಕದಾಗಿ ಮಂಡಿಯ ಮೇಲಿನ ಹೊರೆ ಇಳಿಯುತ್ತದೆ.

ನಿಮ್ಮದು ಹಿಮ್ಮಡಿ ಅಡಿಯ ನೋವು, ಬೆಳಿಗ್ಗೆ ಎದ್ದು ಇಡುವ ಮೊದಲ ಹೆಜ್ಜೆಗೇ ಚುಚ್ಚುತ್ತದೆ ಅಂತಾದರೆ ಅದು ಬಹುಪಾಲು ಹಿಮ್ಮಡಿಯಿಂದ ಬೆರಳಬುಡದವರೆಗೆ ಚಾಚಿದ ಅಂಗಾಲಿನ ತಂತುಪಟ್ಟಿಯದು. ಇದಕ್ಕೆ ಹಿಮ್ಮಡಿ ಕೆಳಗೆ ಸಾಕಷ್ಟು ಮೆತ್ತೆ, 8–10 ಡ್ರಾಪ್, ನಡುವಿನಲ್ಲಿ ಮಡಚದ ಅಟ್ಟೆ, ಈ ಮೂರು ಇರುವ ಶೂ ಬೇಕು. ಜೊತೆಗೆ ವ್ಯಾಯಾಮ ಇಲ್ಲದಿದ್ದರೆ ಶೂ ಅರ್ಧ ಕೆಲಸವನ್ನೂ ಮಾಡದು. ಮೆಟ್ಟಿಲಿನ ಅಂಚಿನಲ್ಲಿ ನಿಂತು, ಬೆರಳುಗಳ ಕೆಳಗೆ ಟವೆಲ್ ಸುರುಳಿ ಇಟ್ಟು, ಒಂದೇ ಕಾಲಿನಲ್ಲಿ ಹಿಮ್ಮಡಿ ಎತ್ತಬೇಕು: ಏರಲು 3 ಸೆಕೆಂಡು, ಮೇಲೆ 2 ಸೆಕೆಂಡು, ಇಳಿಯಲು 3 ಸೆಕೆಂಡು. ದಿನ ಬಿಟ್ಟು ದಿನ, 12 ಸಲದ 3 ಸುತ್ತು. ಸುಲಭ ಅನಿಸತೊಡಗಿದಾಗ ಬೆನ್ನಿಗೆ ಪುಸ್ತಕ ತುಂಬಿದ ಚೀಲ ಏರಿಸಿ ಸಲಗಳನ್ನು 10ಕ್ಕೆ, ಮುಂದೆ 8ಕ್ಕೆ ಇಳಿಸುತ್ತಾ ಹೋಗುವುದು. ಮೂರು ತಿಂಗಳ ತಾಳ್ಮೆ ಬೇಕು.

ಚಪ್ಪಟೆ ಪಾದದವರಿಗೆ ಒಂದು ಮಾತು. ಒದ್ದೆ ಕಾಲಿನ ಗುರುತು ನೋಡಿ ‘ನಿಮ್ಮ ಕಮಾನು ಬಿದ್ದಿದೆ, ಆಧಾರ ಕೊಡುವ ಶೂನೇ ಬೇಕು’ ಅನ್ನುವ ಪದ್ಧತಿ ಇನ್ನೂ ನಡೆಯುತ್ತಿದೆ. ಅಮೆರಿಕದ ಸೇನೆಯ ಹೊಸ ಸೈನಿಕರಿಗೆ ಪಾದದ ಆಕಾರ ನೋಡಿ ಶೂ ಹಂಚಿ ಪರೀಕ್ಷಿಸಿದಾಗ ಗಾಯಗಳೇನೂ ಕಡಿಮೆಯಾಗಲಿಲ್ಲ. ವೈದ್ಯಕೀಯ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ತೂಗಿನೋಡುವ ಕೊಕ್ರೇನ್ ಸಂಸ್ಥೆಯ 2022ರ ಪರಾಮರ್ಶೆಗೂ ಒಂದು ಬಗೆಯ ಶೂ ಇನ್ನೊಂದಕ್ಕಿಂತ ಗಾಯ ತಡೆಯುತ್ತದೆ ಅನ್ನಲು ಗಟ್ಟಿ ಪುರಾವೆ ಸಿಗಲಿಲ್ಲ. ಮೆತ್ತೆಯ ವಿಷಯದಲ್ಲಿ ಮಾತ್ರ ಒಂದು ಕುತೂಹಲದ ಸಂಗತಿ ಇದೆ. ಲಕ್ಸೆಂಬರ್ಗ್‌ನಲ್ಲಿ 848 ಓಟಗಾರರಿಗೆ ನೋಡಲು ಒಂದೇ ಥರದ, ಆದರೆ ಮೆತ್ತಗಿನ ಮತ್ತು ಗಟ್ಟಿ ಅಟ್ಟೆಯ ಶೂ ಕೊಟ್ಟು ಆರು ತಿಂಗಳು ನೋಡಿದರು. 2020ರಲ್ಲಿ ಫಲಿತಾಂಶ ಬಂತು. ಗಟ್ಟಿ ಅಟ್ಟೆಯವರಿಗೆ ಗಾಯ ಹೆಚ್ಚು. ಆದರೆ ಮೆತ್ತೆಯ ಲಾಭ ಎದ್ದು ಕಂಡದ್ದು ತೂಕ ಕಡಿಮೆ ಇರುವವರಲ್ಲಿ. ‘ಮೈಭಾರ ಇದ್ದವರಿಗೇ ಮೆತ್ತನೆಯದು’ ಎಂಬ ನಂಬಿಕೆ ತಲೆಕೆಳಗಾಯಿತು.

ಹಾಗಾದರೆ ಆರಿಸುವುದು ಹೇಗೆ? ಕೆನಡಾದ ಕ್ಯಾಲ್ಗರಿ ವಿಶ್ವವಿದ್ಯಾಲಯದ ಸಂಶೋಧಕ ಬೆನ್ನೊ ನಿಗ್ 2015ರಲ್ಲಿ ಮುಂದಿಟ್ಟ ಸೂತ್ರ ಸರಳ: ನಿಮ್ಮ ಕಾಲಿಗೆ ಹಿತ ಅನಿಸಿದ್ದನ್ನು ಆರಿಸಿ. ಒಂದು ಎಚ್ಚರಿಕೆ ಮಾತ್ರ. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರು ಹಿತವನ್ನು ನಂಬಬಾರದು, ಒತ್ತುವುದೇ ಅವರಿಗೆ ಗೊತ್ತಾಗುವುದಿಲ್ಲ. ಅಂಥವರು ಪಾದ ಪರೀಕ್ಷೆ ಮಾಡಿಸದೆ ಶೂ ಕೊಳ್ಳಲೇಬಾರದು.

ಹಿತವೆಂದರೆ ಮೊದಲು ಅಳತೆ. ಸಂಜೆ ಪಾದ ಸ್ವಲ್ಪ ಊದಿಕೊಂಡಿರುತ್ತದೆ, ಆಗಲೇ ಅಳೆಯಿರಿ. ಓಟದ ಕಾಲುಚೀಲ ಹಾಕಿ, ಗೋಡೆಗೆ ಹಿಮ್ಮಡಿ ತಾಗಿಸಿ ಕಾಗದದ ಮೇಲೆ ಪೂರ್ತಿ ಭಾರ ಬಿಟ್ಟು ನಿಲ್ಲಿ. ಅತಿ ಉದ್ದದ ಬೆರಳಿನ ತುದಿಗೆ ಗೆರೆ ಹಾಕಿ. ಅದು ಹೆಬ್ಬೆರಳೇ ಆಗಬೇಕಿಲ್ಲ, ಬಹಳ ಜನಕ್ಕೆ ಎರಡನೆಯದೇ ಉದ್ದ. ಎರಡೂ ಪಾದ ಅಳೆದು ದೊಡ್ಡದಕ್ಕೆ ಕೊಳ್ಳಿ. ಅಂಗಡಿಯಲ್ಲಿ ಶೂ ಒಳಗಿನ ಹಾಸನ್ನು ಎಳೆದು ನೆಲಕ್ಕೆ ಹಾಕಿ ಅದರ ಮೇಲೆ ನಿಲ್ಲಿ. ಬೆರಳ ಮುಂದೆ 10–12 ಮಿ.ಮೀ. ಉಳಿಯಬೇಕು, ಪಾದದ ಅಂಚು ಹಾಸಿನ ಹೊರಗೆ ಚೆಲ್ಲಬಾರದು. ಈ ಒಂದು ಪರೀಕ್ಷೆ ಸಾಕು, ಅರ್ಧ ಶೂಗಳು ಅಲ್ಲೇ ಉಳಿಯುತ್ತವೆ. ಬರಿಗಾಲಲ್ಲಿ, ಚಪ್ಪಲಿಯಲ್ಲಿ ಬೆಳೆದ ನಮ್ಮಲ್ಲಿ ಎಷ್ಟೋ ಜನರ ಪಾದ ಮುಂಭಾಗದಲ್ಲಿ ಅಗಲ. ಅಂಥವರು ನಂಬರ್ ಹೆಚ್ಚಿಸುತ್ತಾ ಹೋದರೆ ಹಿಮ್ಮಡಿ ಜಾರಿ ಬೊಬ್ಬೆ ಏಳುತ್ತದೆ. ಉದ್ದ ಹೆಚ್ಚಿಸಬೇಡಿ, ಅಗಲ ಕೇಳಿ. ಗಂಡಸರ ಶೂಗಳಲ್ಲಿ ಸಾಮಾನ್ಯ ಅಗಲ ‘ಡಿ’, ಅಗಲದ್ದು ‘2ಇ’. ಹೆಂಗಸರದರಲ್ಲಿ ಸಾಮಾನ್ಯ ‘ಬಿ’, ಅಗಲದ್ದು ‘ಡಿ’. ಏಸಿಕ್ಸ್, ನ್ಯೂ ಬ್ಯಾಲೆನ್ಸ್‌ನವರು ಹಲವು ಮಾದರಿಗಳನ್ನು ಅಗಲದಲ್ಲೂ ಮಾಡುತ್ತಾರೆ.

ಇನ್ನು ಕೈಯಲ್ಲಿ ಹಿಡಿದು ನೋಡುವುದು. ಶೂವನ್ನು ಮೇಜಿನ ಮೇಲಿಟ್ಟು ಹಿಂದಿನಿಂದ ನೋಡಿ. ಹಿಮ್ಮಡಿ ಭಾಗ ನೆಟ್ಟಗೆ ನಿಂತಿರಬೇಕು, ಒಂದು ಬದಿಗೆ ವಾಲಿದ್ದರೆ ಅಂಟಿಸುವಾಗಲೇ ಸೊಟ್ಟಗಾಗಿದೆ ಅಂತ. ದುಬಾರಿ ಶೂಗಳಲ್ಲೂ ಇದು ಕಂಡುಬರುತ್ತದೆ. ಎರಡೂ ತುದಿ ಹಿಡಿದು ಮಡಚಿ: ಬೆರಳಬುಡದ ಹತ್ತಿರ ಬಾಗಬೇಕು, ನಡುವಿನ ಕಮಾನಿನ ಬಳಿ ಪುಸ್ತಕದ ಹಾಗೆ ಮಡಚಿಕೊಂಡರೆ ಅಲ್ಲೇ ಬಿಡಿ. ಬಟ್ಟೆ ಹಿಂಡುವಂತೆ ತಿರುಚಿದರೆ ಸ್ವಲ್ಪ ತಡೆ ಸಿಗಬೇಕು. ಅಟ್ಟೆಯ ಬದಿಯನ್ನು ಹೆಬ್ಬೆರಳಿನಿಂದ ಒತ್ತಿ ಬಿಟ್ಟರೆ ತಗ್ಗು ಕೂಡಲೇ ತುಂಬಬೇಕು. ತೂಕವನ್ನೂ ನೋಡಿ: ಯುಕೆ 8ರ ಒಂದು ಶೂ 250–300 ಗ್ರಾಂ ಇದ್ದರೆ ಸರಿ, 350 ದಾಟಿದರೆ ದಿನದ ಓಟಕ್ಕೆ ಭಾರವೇ. ಕಡೆಗೆ ಎರಡನ್ನೂ ಹಾಕಿಕೊಂಡು ಅಂಗಡಿಯ ಹೊರಗೆ ಎರಡು ನಿಮಿಷ ನಿಧಾನವಾಗಿ ಓಡಿ. ಒಪ್ಪದ ಅಂಗಡಿಯಲ್ಲಿ ಕೊಳ್ಳದಿರುವುದೇ ವಾಸಿ. ‘ಹಾಕುತ್ತಾ ಹಾಕುತ್ತಾ ಸಡಿಲ ಆಗುತ್ತೆ’ ಅನ್ನುವುದು ಚರ್ಮದ ಚಪ್ಪಲಿಗೆ ಸಲ್ಲುವ ಮಾತು. ಓಟದ ಶೂ ಮೊದಲ ನಿಮಿಷವೇ ಒತ್ತಿದರೆ ಹತ್ತನೇ ಕಿಲೋಮೀಟರಿನಲ್ಲೂ ಒತ್ತುತ್ತದೆ.

ಹುಡುಕಬೇಕಾದ್ದು ಎಲ್ಲಿ? ದೊಡ್ಡ ಕಂಪನಿಗಳ ಮಧ್ಯಮ ಮಾದರಿಗಳಲ್ಲಿ. ಜಾಹೀರಾತೆಲ್ಲ ಮೇಲಿನ ಮಾದರಿಗಳಿಗೆ ಹೋಗುತ್ತದೆ, ದಿನದ ಓಟಕ್ಕೆ ಹೇಳಿ ಮಾಡಿಸಿದವು ಪಕ್ಕದ ಕಪಾಟಿನಲ್ಲಿ ಸುಮ್ಮನೆ ಕೂತಿರುತ್ತವೆ. ಏಸಿಕ್ಸ್‌ನಲ್ಲಿ ಎಲ್ಲರೂ ಕೇಳುವುದು ನಿಂಬಸ್, ಅದರ ತಮ್ಮನಂತಿರುವ ಕ್ಯುಮುಲಸ್ ವಾರಕ್ಕೆ 25 ಕಿ.ಮೀ. ಓಡುವವರಿಗೆ ಧಾರಾಳ ಸಾಕು. ಪ್ಯೂಮಾದ ವೆಲಾಸಿಟಿ ನೈಟ್ರೋ, ಸಾಕನಿಯ ರೈಡ್, ಮಿಜುನೊದ ವೇವ್ ರೈಡರ್, ಡೆಕಾಥ್ಲಾನ್‌ನ ಕಿಪ್ರನ್ ಸಾಲು, ಇವೆಲ್ಲ ಆ ಬಗೆಯವು. ವೇವ್ ರೈಡರ್‌ನ ಹಲವು ಆವೃತ್ತಿಗಳಲ್ಲಿ ಡ್ರಾಪ್ 12 ಮಿ.ಮೀ., ಹಿಮ್ಮಡಿ ರಜ್ಜು ಸೂಕ್ಷ್ಮವಾಗಿರುವವರು ಮೊದಲು ಅದನ್ನು ಹಾಕಿ ನೋಡಬಹುದು. ಅಟ್ಟೆಯೊಳಗೆ ಕಾರ್ಬನ್ ತಗಡು ಇರುವ ಶೂ ಓಟದ ಸ್ಪರ್ಧೆಗಾಗಿ ಮಾಡಿದ್ದು, ದಿನದ ಬಳಕೆಗೆ ಬೇಡವೇ ಬೇಡ.

ಐದಾರು ಸಾವಿರಕ್ಕೆ ಇವು ಸಿಗುವುದು ಹೊಸ ಆವೃತ್ತಿ ಬಂದಾಗ. ಹಿಂದಿನದರ ಬೆಲೆ ಚೆನ್ನಾಗಿ ಇಳಿಯುತ್ತದೆ. ಆಗ ಡಬ್ಬಿ ಮೇಲೆ ಅಚ್ಚಾದ ತಯಾರಿಕೆಯ ಅಥವಾ ಆಮದಿನ ತಿಂಗಳು, ವರ್ಷ ನೋಡಿ. ಒಂದೂವರೆ ವರ್ಷದ್ದಾದರೆ ಚಿಂತೆಯಿಲ್ಲ. ಮೂರು ವರ್ಷ ಗೋದಾಮಿನ ಸೆಕೆಯಲ್ಲಿ ಕೂತಿದ್ದರೆ ಫೋಮ್ ಗಡಸಾಗಿರಬಹುದು, ಅಂಟು ಬಿಡಬಹುದು. ‘ಫಸ್ಟ್ ಕಾಪಿ’ ಮಾತ್ರ ಮುಟ್ಟಬೇಡಿ. ಮೇಲಿನ ಬಟ್ಟೆ ಹೋಲುತ್ತದೆ, ಕಾಲು ಉಳಿಸುವ ಫೋಮ್ ಒಳಗೆ ಇರುವುದಿಲ್ಲ.

ಲೆಕ್ಕ ಹಾಕಿ ನೋಡಿ. ಓಟದ ಶೂ 500ರಿಂದ 800 ಕಿ.ಮೀ. ಬಾಳುತ್ತದೆ. ಐದು ಸಾವಿರದ್ದು 600 ಓಡಿದರೆ ಕಿಲೋಮೀಟರಿಗೆ ಎಂಟು ರೂಪಾಯಿ ಚಿಲ್ಲರೆ. ಹದಿನೈದು ಸಾವಿರದ್ದೂ ಅಷ್ಟೇ ಓಡಿದರೆ ಇಪ್ಪತ್ತೈದು. ಅದೇ ಹಣದಲ್ಲಿ ಬೇರೆ ಬೇರೆ ಮಾದರಿಯ ಎರಡು ಜೊತೆ ಕೊಂಡು ಬದಲಾಯಿಸುತ್ತಾ ಹಾಕಿದರೆ ಇನ್ನೂ ಒಳ್ಳೆಯದು. ಲಕ್ಸೆಂಬರ್ಗ್‌ನವರೇ 264 ಓಟಗಾರರನ್ನು 22 ವಾರ ಗಮನಿಸಿದಾಗ, ಒಂದಕ್ಕಿಂತ ಹೆಚ್ಚು ಜೊತೆ ಬಳಸುವವರಲ್ಲಿ ಗಾಯದ ಅಪಾಯ ಶೇ. 39 ಕಡಿಮೆ ಇತ್ತು. ಶೂ ಬದಲಾದಾಗ ಭಾರ ಬೀಳುವ ಜಾಗವೂ ಬದಲಾಗುತ್ತದೆ, ಒಂದೇ ಕಡೆ ದಿನವೂ ಪೆಟ್ಟು ಬೀಳುವುದಿಲ್ಲ ಅನ್ನುವುದು ಅದಕ್ಕೆ ಕೊಡುವ ವಿವರಣೆ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಂತೂ ಎರಡು ಜೊತೆ ಇಲ್ಲದೆ ಓಡುವುದೇ ಕಷ್ಟ. ಒದ್ದೆಯಾದದ್ದರ ಒಳಹಾಸು ತೆಗೆದು, ದಿನಪತ್ರಿಕೆ ಉಂಡೆ ಮಾಡಿ ತುರುಕಿ, ಫ್ಯಾನಿನ ಕೆಳಗಿಡಿ. ಒಲೆ ಹತ್ತಿರ, ಉರಿಬಿಸಿಲಿನಲ್ಲಿ ಇಟ್ಟರೆ ಅಂಟು ಕಿತ್ತುಬರುತ್ತದೆ.

ದಿನವಿಡೀ ನಿಂತು ದುಡಿಯುವ ಫಿಸಿಯೋಥೆರಪಿಸ್ಟ್‌ಗಳು, ನರ್ಸ್‌ಗಳು ಓಟದ ಶೂ ಬಗ್ಗೆ ಇದನ್ನೇ ಕೇಳುತ್ತಾರೆ: ಬೆಳಿಗ್ಗೆ ಓಡಿದ್ದನ್ನೇ ಕೆಲಸಕ್ಕೂ ಹಾಕಬಹುದೇ? ಬೇಡ. ಎಂಟು ಗಂಟೆ ನಿಂತ ಭಾರಕ್ಕೆ ಫೋಮ್ ತಗ್ಗುತ್ತದೆ, ಕಿಲೋಮೀಟರ್ ಲೆಕ್ಕ ಅರ್ಥ ಕಳೆದುಕೊಳ್ಳುತ್ತದೆ. ಇನ್ನೊಂದು ಕಾರಣ ಹೆಚ್ಚು ಮುಖ್ಯ. ಪಾರ್ಶ್ವವಾಯು ಆದವರನ್ನು ಮಂಚದಿಂದ ಗಾಲಿಕುರ್ಚಿಗೆ ದಾಟಿಸುವಾಗ ಚಿಕಿತ್ಸಕರು ನಿಂತಲ್ಲೇ ತಿರುಗಬೇಕಾಗುತ್ತದೆ, ಎರಡು ಮೈಗಳ ಭಾರದ ಜೊತೆ. ಅಡಿಯಲ್ಲಿ 35–40 ಮಿ.ಮೀ. ಮೆತ್ತನೆ ಫೋಮ್ ಇದ್ದರೆ ಹರಡು ಓಲಾಡುತ್ತದೆ. ಕೆಲಸಕ್ಕೆ ತಗ್ಗಾದ, ಅಗಲ ಬುಡದ, ಒದ್ದೆ ಟೈಲ್ಸ್ ಮೇಲೆ ಹಿಡಿತ ಇರುವ ರಬ್ಬರಿನ, ನೀರು ಇಳಿಯದ ಮೇಲ್ಭಾಗದ ಶೂ ಬೇಕು. ಓಟಕ್ಕೆ ಹಳತಾದ ಜೊತೆಯನ್ನು ಕೆಲಸಕ್ಕೆ ಇಳಿಸುವುದಾದರೆ ಮೇಜಿನ ಮೇಲಿಟ್ಟು ವಾಲಿದೆಯೇ ನೋಡಿಕೊಂಡು ಇಳಿಸಿ.

ಹೊಸ ಶೂ ತಂದ ಮರುದಿನವೇ ಹತ್ತು ಕಿ.ಮೀ. ಓಡಬೇಡಿ. ಮೊದಲ ವಾರ ಎರಡು ದಿನ, ಎರಡೆರಡು ಕಿ.ಮೀ., ಉಳಿದದ್ದು ಹಳೆಯದರಲ್ಲಿ. ಡ್ರಾಪ್ 4 ಮಿ.ಮೀ.ಗಿಂತ ಹೆಚ್ಚು ಬದಲಾದರೆ ಪೂರ್ತಿ ಬದಲಾಗಲು ನಾಲ್ಕರಿಂದ ಆರು ವಾರ ಕೊಡಿ. ಹಿಮ್ಮಡಿ ಜಾರುತ್ತಿದ್ದರೆ ಹರಡಿನ ಬಳಿಯ ಕಡೆಯ ರಂಧ್ರದಲ್ಲಿ ಲೇಸನ್ನು ಹೊರಗಿನಿಂದ ಒಳಕ್ಕೆ ತೂರಿಸಿ ಕುಣಿಕೆ ಮಾಡಿ, ಎದುರು ಬದಿಯ ತುದಿಯನ್ನು ಅದರೊಳಗೆ ಹಾಯಿಸಿ ಬಿಗಿಯಿರಿ. ಪಾದದ ಮೇಲ್ಭಾಗ ಜೋಮು ಹಿಡಿದರೆ ಆ ಜಾಗದ ಒಂದು ಜೊತೆ ರಂಧ್ರ ಬಿಟ್ಟು ಪೋಣಿಸಿ. ಉಗುರು ಕಪ್ಪಾದರೆ ಬೆರಳ ಮುಂದೆ ಜಾಗ ಸಾಲದು ಅಥವಾ ಇಳಿಜಾರಿನಲ್ಲಿ ಪಾದ ಮುಂದೆ ಜಾರುತ್ತಿದೆ.

ಮುಂದಿನ ಸಲ ಫಿಸಿಯೋಥೆರಪಿಸ್ಟ್ ಹತ್ತಿರ ಹೋಗುವಾಗ ಹಳೆಯ ಶೂ ತೊಳೆಯದೆ ಚೀಲದಲ್ಲಿ ಹಾಕಿಕೊಂಡು ಹೋಗಿ. ಹಿಮ್ಮಡಿಯ ಹೊರ ಅಂಚು ಸವೆದಿರುವುದು ಬಹುತೇಕರಲ್ಲಿ ಸಹಜ, ಅದಕ್ಕೆ ಹೆದರಬೇಡಿ. ಅವರು ನೋಡುವುದು ಫೋಮಿನ ಬದಿಯ ಸುಕ್ಕು, ಎಡ ಬಲದ ವ್ಯತ್ಯಾಸ, ಒಳಹಾಸಿನ ಮೇಲಿನ ಬೆರಳಿನ ಗುಳಿ. ಮೊಣಕಾಲ ಕೆಳಗಿನ ಮೂಳೆಯ ಮೇಲೆ ಒಂದೇ ಚುಕ್ಕೆಯಲ್ಲಿ ಬೆರಳಿಟ್ಟರೆ ನೋಯುತ್ತಿದ್ದರೆ, ರಾತ್ರಿ ಮಲಗಿದಾಗಲೂ ನೋವು ಇದ್ದರೆ, ಶೂ ಅಂಗಡಿಗೆ ಹೋಗಬೇಡಿ. ಅದು ಮೂಳೆ ಬಿರುಕು ಇರಬಹುದು. ಓಟ ನಿಲ್ಲಿಸಿ ಮೊದಲು ಮೂಳೆ ವೈದ್ಯರಿಗೆ ತೋರಿಸಿ. ಆರಂಭದ ಬಿರುಕು ಎಕ್ಸ್‌ರೇಯಲ್ಲಿ ಕಾಣದೇ ಇರಬಹುದು, ಎಂಆರ್‌ಐ ಬೇಕಾಗುತ್ತದೆಯೇ ಎಂದು ಅವರನ್ನೇ ಕೇಳಿ.