ಕೀಬೋರ್ಡಿಗೆ ಇಂಟರ್ನೆಟ್ ಏಕೆ ಬೇಕು?

ಬೇರೆಯವರ ಕಂಪ್ಯೂಟರು, ಮೊಬೈಲುಗಳನ್ನು ಸಿದ್ಧಪಡಿಸಿಕೊಡುವುದು ನನ್ನ ಉದ್ಯೋಗ. "ಓಪನ್ ಸೋರ್ಸ್ ತಂತ್ರಾಂಶಗಳನ್ನೇ ಹಾಕಿಕೊಡಿ, ನನ್ನ ಮಾಹಿತಿ ಎಲ್ಲೂ ಹೋಗಬಾರದು" ಎಂದು ಕೇಳುವವರು ಈಚೆಗೆ ಹೆಚ್ಚಾಗಿದ್ದಾರೆ. ಇದು ನನಗೆ ನಿಜಕ್ಕೂ ಸಂತೋಷ ತರುವ ಬೆಳವಣಿಗೆ. ಆದರೆ ಆ ಒಂದು ಮಾತಿನಲ್ಲಿ ಎರಡು ಬೇಡಿಕೆಗಳಿವೆ. ಅವನ್ನು ಮೊದಲು ಬಿಡಿಸಿಕೊಳ್ಳಬೇಕು.

ತಂತ್ರಾಂಶದ ಕೋಡನ್ನು, ಅಂದರೆ ಅದರ ಮೂಲ ಬರಹವನ್ನು, ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು ಎಂದಾದರೆ ಅದು ಓಪನ್ ಸೋರ್ಸ್. ನಮ್ಮ ಮಾಹಿತಿ ಯಾರ ಕೈ ಸೇರುತ್ತದೆ ಎಂಬುದು ಬೇರೆಯೇ ಪ್ರಶ್ನೆ. ಟೆಲಿಗ್ರಾಂ ಆ್ಯಪ್‌ನ ಕೋಡ್ ಎಲ್ಲರಿಗೂ ಲಭ್ಯ, ಅದರ ಸರ್ವರಿನದು ಲಭ್ಯವಿಲ್ಲ. ಅಲ್ಲಿನ ಸಾಮಾನ್ಯ ಚಾಟ್‌ಗಳಿಗೆ ಕಳುಹಿಸಿದವರು, ಪಡೆದವರು ಬಿಟ್ಟು ನಡುವೆ ಯಾರೂ ಓದಲಾಗದಂತೆ ಮಾಡುವ ಎಂಡ್-ಟು-ಎಂಡ್ ಎನ್‌ಕ್ರಿಪ್ಶನ್ ಕೂಡ ಇಲ್ಲ. 'ಸೀಕ್ರೆಟ್ ಚಾಟ್' ಬೇಕೆಂದರೆ ನಾವೇ ಆರಿಸಿ ತೆರೆಯಬೇಕು. ವಾಟ್ಸ್‌ಆ್ಯಪ್‌ನ ಕೋಡ್ ಮುಚ್ಚಿದೆ. ಆದರೂ ಅದರ ಸಂದೇಶಗಳಿಗೆ 2016ರಿಂದ ಸಿಗ್ನಲ್ ಎಂಬ ಓಪನ್ ಸೋರ್ಸ್ ಮೆಸೇಜಿಂಗ್ ಆ್ಯಪ್‌ನವರು ರೂಪಿಸಿದ ಎನ್‌ಕ್ರಿಪ್ಶನ್ನೇ ಕಾವಲು. ಹಾಗಿದ್ದೂ ನಾನು ಸಿಗ್ನಲ್ ಅನ್ನೇ ಸೂಚಿಸುವುದು ಏಕೆಂದರೆ, 2016ರಲ್ಲಿ ಅಮೆರಿಕದ ಗ್ರ್ಯಾಂಡ್ ಜ್ಯೂರಿಯೊಂದು (ಆರೋಪ ಹೊರಿಸಬೇಕೇ ಎಂದು ಪರಿಶೀಲಿಸುವ ನಾಗರಿಕರ ಮಂಡಳಿ) ಬಳಕೆದಾರರ ಮಾಹಿತಿ ಕೇಳಿದಾಗ ಸಿಗ್ನಲ್‌ ಬಳಿ ಕೊಡಲು ಇದ್ದದ್ದು ಖಾತೆ ತೆರೆದ ಸಮಯ ಮತ್ತು ಕೊನೆಯ ಬಾರಿ ಸಂಪರ್ಕಕ್ಕೆ ಬಂದ ದಿನ ಮಾತ್ರ. ಉಳಿದದ್ದನ್ನು ಅದು ಸಂಗ್ರಹಿಸಿಯೇ ಇರಲಿಲ್ಲ.

ಹಾಗಾದರೆ ಬದಲಾವಣೆ ಎಲ್ಲಿಂದ ಆರಂಭವಾಗಬೇಕು? ಹೆಚ್ಚಿನವರು ಬ್ರೌಸರ್ ಅಥವಾ ಮೆಸೇಜಿಂಗ್ ಆ್ಯಪ್ ಎನ್ನುತ್ತಾರೆ. ನಾನು ಮೊದಲು ನೋಡುವುದು ಮೊಬೈಲಿನ ಕೀಬೋರ್ಡನ್ನು. ಪಾಸ್‌ವರ್ಡ್, ವೈದ್ಯರಿಗೆ ಬರೆದ ಸಂದೇಶ, ಬರೆದು ಕಳುಹಿಸದೆ ಅಳಿಸಿದ ಸಾಲು, ಎಲ್ಲವೂ ಅದರ ಮೂಲಕವೇ ಹಾದುಹೋಗುತ್ತವೆ. ಸಂದೇಶ ಎನ್‌ಕ್ರಿಪ್ಟ್ ಆಗುವ ಮೊದಲೇ ಕೀಬೋರ್ಡ್ ಅದನ್ನು ಕಂಡಿರುತ್ತದೆ. ಆಂಡ್ರಾಯ್ಡ್‌ನಲ್ಲಿ ಒಂದು ತೊಡಕಿದೆ: ಕ್ಯಾಮೆರಾ, ಮೈಕ್ ಬಳಸಲು ಆ್ಯಪ್‌ಗಳು ನಮ್ಮನ್ನು ಕೇಳುತ್ತವೆ, ಇಂಟರ್ನೆಟ್ ಬಳಸಲು ಕೇಳುವುದಿಲ್ಲ. ಆ ಅನುಮತಿ ಇನ್‌ಸ್ಟಾಲ್ ಮಾಡಿದ ಕ್ಷಣವೇ ತಾನಾಗಿ ಸಿಕ್ಕಿಬಿಡುತ್ತದೆ. ಹೀಗಾಗಿ ಹಾಕಿಕೊಳ್ಳುವ ಮೊದಲೇ ಆ್ಯಪ್‌ನ ಪುಟದಲ್ಲಿರುವ ಅನುಮತಿಗಳ ಪಟ್ಟಿಯನ್ನು ತೆರೆದು ಓದಬೇಕು. ಹೆಲಿಬೋರ್ಡ್ ಎಂಬ ಓಪನ್ ಸೋರ್ಸ್ ಕೀಬೋರ್ಡಿನ ಪಟ್ಟಿಯಲ್ಲಿ ಇಂಟರ್ನೆಟ್ ಇಲ್ಲ. ಅದು ಏನನ್ನು ಕಂಡರೂ ತಾನಾಗಿ ಹೊರಗೆ ಕಳುಹಿಸುವ ದಾರಿ ಅದಕ್ಕಿಲ್ಲ. ಗ್ಯಾಲರಿ, ಕ್ಯಾಲ್ಕುಲೇಟರ್, ಟಾರ್ಚ್ ಆ್ಯಪ್‌ಗಳಿಗೂ ಇದೇ ಪ್ರಶ್ನೆ ಹಾಕಿ: ಈ ಕೆಲಸಕ್ಕೆ ಇಂಟರ್ನೆಟ್ ಏಕೆ ಬೇಕು?

ಇಂಥ ಆ್ಯಪ್‌ಗಳು ಎಫ್-ಡ್ರಾಯ್ಡ್ ಎಂಬ ಭಂಡಾರದಲ್ಲಿ ಸಿಗುತ್ತವೆ. 2010ರಿಂದ ನಡೆಯುತ್ತಿರುವ ಈ ಭಂಡಾರ ಓಪನ್ ಸೋರ್ಸ್ ಆ್ಯಪ್‌ಗಳನ್ನಷ್ಟೇ ಸೇರಿಸಿಕೊಳ್ಳುತ್ತದೆ. ಜಾಹೀರಾತು ಇದ್ದರೆ, ಬಳಕೆದಾರರ ಜಾಡು ಹಿಡಿಯುವ ಗುಣ ಇದ್ದರೆ, ಅದನ್ನು ಆ್ಯಪ್‌ನ ಪುಟದಲ್ಲೇ ನಮೂದಿಸುತ್ತದೆ. ಅಪ್‌ಡೇಟ್‌ಗಳು ಕೆಲವೊಮ್ಮೆ ತಡವಾಗಿ ಬರುತ್ತವೆ. ಆ ಕೊರತೆಯನ್ನು ಮೊದಲೇ ಹೇಳಿಬಿಡುವುದು ನ್ಯಾಯ.

ಓಪನ್ ಸೋರ್ಸ್ ಎಂದ ಮಾತ್ರಕ್ಕೆ ಒಡೆತನ ಬದಲಾಗುವುದಿಲ್ಲ ಎಂದೇನಿಲ್ಲ. ಸಿಂಪಲ್ ಮೊಬೈಲ್ ಟೂಲ್ಸ್ ಹೆಸರಿನ ಜನಪ್ರಿಯ ಆ್ಯಪ್‌ಗಳ ಗುಚ್ಛವನ್ನು 2023ರ ಕೊನೆಯಲ್ಲಿ ಅದರ ಕರ್ತೃ ಒಂದು ಕಂಪನಿಗೆ ಮಾರಿದರು. ಮುಚ್ಚಿದ ತಂತ್ರಾಂಶವಾಗಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಕೋಡ್ ಮುಕ್ತವಾಗಿದ್ದುದರಿಂದ ಬಳಗದವರೇ ಅದನ್ನು ಎತ್ತಿಕೊಂಡು ಫಾಸಿಫೈ ಎಂಬ ಹೆಸರಿನಲ್ಲಿ ಮುಂದುವರಿಸಿದರು. ಓಪನ್ ಸೋರ್ಸ್‌ನಿಂದ ಸಾಮಾನ್ಯ ಬಳಕೆದಾರನಿಗೆ ಸಿಗುವ ದೊಡ್ಡ ಲಾಭ ಇದೇ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಅವನು ಎಂದೂ ಕೋಡ್ ಓದದಿರಬಹುದು, ಆದರೆ ನಡುನೀರಿನಲ್ಲಿ ಕೈಬಿಟ್ಟು ಹೋಗುವವರ ಹಂಗಿನಲ್ಲಿ ಇರಬೇಕಾಗಿಲ್ಲ.

"ಎಲ್ಲರೂ ನೋಡುತ್ತಾರಲ್ಲ, ಹಾಗಾಗಿ ಸುರಕ್ಷಿತ" ಎಂಬ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ಎಕ್ಸ್‌ಜೆಡ್ ಎಂಬುದು ಕಡತಗಳ ಗಾತ್ರ ಕುಗ್ಗಿಸುವ, ವಿಂಡೋಸ್‌ನಂತೆ ಕಂಪ್ಯೂಟರನ್ನು ನಡೆಸುವ ಓಪನ್ ಸೋರ್ಸ್ ವ್ಯವಸ್ಥೆಯಾದ ಲಿನಕ್ಸ್‌ನ ಲೋಕದಲ್ಲೆಲ್ಲ ಬಳಕೆಯಲ್ಲಿರುವ ತಂತ್ರಾಂಶ. ಒಬ್ಬರೇ ಬಿಡುವಿನ ವೇಳೆಯಲ್ಲಿ ನೋಡಿಕೊಳ್ಳುತ್ತಿದ್ದ ಈ ಯೋಜನೆಯಲ್ಲಿ ಯಾರೋ ನೆರವಿನ ನೆಪದಲ್ಲಿ ವರ್ಷಗಟ್ಟಲೆ ವಿಶ್ವಾಸ ಗಳಿಸಿ ಹೊರಗಿನವರು ಕಂಪ್ಯೂಟರಿನೊಳಗೆ ನುಸುಳಲು ಕಳ್ಳದಾರಿಯೊಂದನ್ನು ಸೇರಿಸಿದರು. 2024ರ ಮಾರ್ಚ್‌ನಲ್ಲಿ ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್, ಲಾಗಿನ್ ಆಗಲು ಅರ್ಧ ಸೆಕೆಂಡಿನಷ್ಟು ಹೆಚ್ಚು ಸಮಯ ಹಿಡಿಯುತ್ತಿರುವುದನ್ನು ಗಮನಿಸಿ, ಕಾರಣ ಹುಡುಕುತ್ತಾ ಹೋಗಿ ಅದನ್ನು ಬಯಲಿಗೆಳೆದರು. ಕೋಡ್ ಮುಕ್ತವಾಗಿದ್ದುದರಿಂದ ಅವರು ಬೇರಿನವರೆಗೂ ಇಳಿಯುವುದು ಸಾಧ್ಯವಾಯಿತು ಎಂಬುದು ನಿಜ. ಅವರು ಅಷ್ಟು ಸೂಕ್ಷ್ಮವಾಗಿ ನೋಡದಿದ್ದರೆ ಅದು ಕೋಟ್ಯಂತರ ಯಂತ್ರಗಳನ್ನು ಹೊಕ್ಕುಬಿಡಬಹುದಿತ್ತು ಎಂಬುದೂ ಅಷ್ಟೇ ನಿಜ. ಆದ್ದರಿಂದ ಒಂದು ತಂತ್ರಾಂಶವನ್ನು ನಂಬುವ ಮೊದಲು ನಾನು ನೋಡುವುದು ಅದನ್ನು ಎಷ್ಟು ಮಂದಿ ನೋಡಿಕೊಳ್ಳುತ್ತಿದ್ದಾರೆ, ಕೊನೆಯ ಅಪ್‌ಡೇಟ್ ಬಂದದ್ದು ಯಾವಾಗ, ಅವರಿಗೆ ಹಣ ಎಲ್ಲಿಂದ ಬರುತ್ತದೆ ಎಂಬುದನ್ನು. ನೀವು ದಿನವೂ ಬಳಸುವ ಒಂದು ಯೋಜನೆಗಾದರೂ ಕೈಲಾದಷ್ಟು ದೇಣಿಗೆ ಕೊಡಿ ಎಂದು ನಾನು ಸಂಕೋಚವಿಲ್ಲದೆ ಕೇಳುತ್ತೇನೆ.

ಪಾಸ್‌ವರ್ಡ್‌ಗಳಿಗೆ ಕೀಪಾಸ್‌ಎಕ್ಸ್‌ಸಿ ಸಾಕು. ಎಲ್ಲವೂ ಎನ್‌ಕ್ರಿಪ್ಟ್ ಆದ ಒಂದೇ ಫೈಲಿನಲ್ಲಿ, ನಿಮ್ಮ ಬಳಿಯೇ ಇರುತ್ತದೆ. ಮುಖ್ಯ ಪಾಸ್‌ವರ್ಡ್ ಮರೆತರೆ ತೆರೆದುಕೊಡುವವರು ಯಾರೂ ಇಲ್ಲ. ಹಾಗಾಗಿ ಅದನ್ನು ಕಾಗದದಲ್ಲಿ ಬರೆದು ಭದ್ರವಾಗಿಡಿ, ಫೈಲಿನ ಪ್ರತಿಯನ್ನು ಬೇರೆ ಕಡೆಯೂ ಇಡಿ. ಹಲವು ಸಾಧನಗಳ ನಡುವೆ ಪಾಸ್‌ವರ್ಡ್‌ಗಳು ತಾವಾಗಿ ಹೊಂದಿಕೊಳ್ಳಬೇಕೆಂದರೆ ಬಿಟ್‌ವಾರ್ಡನ್ ಒಳ್ಳೆಯದು. ಬ್ರೌಸರಿಗೆ ಫೈರ್‌ಫಾಕ್ಸ್, ಅದಕ್ಕೆ ಜಾಹೀರಾತು ತಡೆಯುವ ಎಕ್ಸ್‌ಟೆನ್ಶನ್ ಆದ ಯುಬ್ಲಾಕ್ ಆರಿಜಿನ್. ಅದರ ಮೇಲೆ ಎಕ್ಸ್‌ಟೆನ್ಶನ್‌ಗಳನ್ನು ಪೇರಿಸಬೇಡಿ.

ಮೈಕ್ರೋಸಾಫ್ಟ್ ಆಫೀಸಿಗೆ ಬದಲಾಗಿ ಲಿಬ್ರೆಆಫೀಸ್ ಎಂಬ ಓಪನ್ ಸೋರ್ಸ್ ತಂತ್ರಾಂಶ ಹಾಕಿಕೊಂಡವರ ದೂರು ಸಾಮಾನ್ಯವಾಗಿ ಒಂದೇ: ಬೇರೆಯವರು ಕಳುಹಿಸಿದ ವರ್ಡ್ ಫೈಲ್ ಚದುರಿಹೋಗಿದೆ. ಬಹಳಷ್ಟು ಸಲ ಇದಕ್ಕೆ ಕಾರಣ ಫಾಂಟ್. ಆ ಫೈಲಿನಲ್ಲಿ ಬಳಸಿದ ಕ್ಯಾಲಿಬ್ರಿ ಫಾಂಟ್ ನಿಮ್ಮಲ್ಲಿ ಇಲ್ಲದಿದ್ದರೆ ಬೇರೆ ಅಳತೆಯ ಅಕ್ಷರಗಳು ಬಂದು ಸಾಲುಗಳು ಮುರಿಯುತ್ತವೆ. ಕ್ಯಾಲಿಬ್ರಿಗೆ ಬದಲಾಗಿ ಅದೇ ಅಳತೆಯ ಕಾರ್ಲಿಟೋ, ಕೇಂಬ್ರಿಯಾಗೆ ಬದಲಾಗಿ ಕ್ಯಾಲಡಿಯಾ ಎಂಬ ಉಚಿತ ಫಾಂಟ್‌ಗಳನ್ನು ಹಾಕಿದರೆ ಹೆಚ್ಚಿನ ಪುಟಗಳು ಸರಿಹೋಗುತ್ತವೆ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿದ ಮೇಲೆ, ವಿಂಡೋಸ್ 11ಕ್ಕೆ ಅರ್ಹವಲ್ಲದ ಒಳ್ಳೆಯ ಯಂತ್ರಗಳನ್ನು ಜನ ಮೂಲೆಗೆ ಹಾಕುತ್ತಿರುವುದು ನನಗೆ ನೋವಿನ ಸಂಗತಿ. ಅವುಗಳಲ್ಲಿ ಹೆಚ್ಚಿನವು ಲಿನಕ್ಸ್‌ನ ಒಂದು ಬಗೆಯಾದ ಲಿನಕ್ಸ್ ಮಿಂಟ್ ಹಾಕಿದರೆ ಇನ್ನೂ ವರ್ಷಗಳ ಕಾಲ ದುಡಿಯಬಲ್ಲವು. ಇನ್‌ಸ್ಟಾಲ್ ಮಾಡುವ ಅವಸರ ಬೇಡ. ಅದನ್ನು ಯುಎಸ್‌ಬಿ ಡ್ರೈವ್‌ಗೆ ಬರೆದುಕೊಂಡು ಅಲ್ಲಿಂದಲೇ ಕಂಪ್ಯೂಟರ್ ಚಾಲೂ ಮಾಡಿ. ಹಾರ್ಡ್‌ಡಿಸ್ಕಿನಲ್ಲಿರುವುದು ಹಾಗೆಯೇ ಉಳಿಯುತ್ತದೆ. ವೈಫೈ ಸಿಗುತ್ತದೆಯೇ, ಧ್ವನಿ ಬರುತ್ತದೆಯೇ, ಪ್ರಿಂಟರ್ ಸ್ಪಂದಿಸುತ್ತದೆಯೇ, ಲ್ಯಾಪ್‌ಟಾಪ್ ಮುಚ್ಚಿ ತೆರೆದಾಗ ಎಚ್ಚರಗೊಳ್ಳುತ್ತದೆಯೇ ಎಂದು ಪರೀಕ್ಷಿಸಿ. ಎಲ್ಲವೂ ಸರಿಯಿದ್ದರೆ ನಿಮ್ಮ ಫೈಲುಗಳನ್ನೆಲ್ಲ ಹೊರಗಿನ ಡಿಸ್ಕಿಗೆ ನಕಲು ಮಾಡಿ, ಆ ನಕಲಿನಿಂದ ಒಂದೆರಡು ಫೈಲುಗಳನ್ನು ತೆರೆದು ನೋಡಿದ ಮೇಲೆಯೇ ಇನ್‌ಸ್ಟಾಲ್ ಗುಂಡಿ ಒತ್ತಿ.